ಹಿಮ ಕರಗಿಸುವ ಅಲ್ಯೂಮಿನಿಯಂ ತಟ್ಟೆ: ತೆಳ್ಳನೆಯ ಹೋಳುಗಳಿಗೆ ಸರಿ, ಇಡೀ ಕೋಳಿಗೆ ಖಂಡಿತ ಅಲ್ಲ

ಮೊದಲೇ ಹೇಳಿಬಿಡುತ್ತೇನೆ, ಪೆಟ್ಟಿಗೆಯೊಳಗೆ ಯಾವ ಮಾಯೆಯೂ ಇಲ್ಲ. ಇರುವುದು ಒಂದು ಅಲ್ಯೂಮಿನಿಯಂ ಹಲಗೆ: 30 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪ, ತೂಕ ಸುಮಾರು 650 ಗ್ರಾಂ. ಮೇಲೆ ಕಪ್ಪು ಲೇಪನ, ಅಂಚಿನ ಸುತ್ತ ನೀರು ನಿಲ್ಲಲೆಂದು ಸಣ್ಣ ಕಾಲುವೆ, ಕೆಳಗೆ ನಾಲ್ಕು ರಬ್ಬರ್ ಪಾದಗಳು. ಮಾರುವವರು ಇದನ್ನು ‘ಡಿಫ್ರಾಸ್ಟಿಂಗ್ ಟ್ರೇ’, ಅಂದರೆ ಫ್ರೀಜರ್‌ನಿಂದ ತೆಗೆದ ಗಟ್ಟಿ ಮಾಂಸವನ್ನು ಕರಗಿಸುವ ತಟ್ಟೆ, ಎನ್ನುತ್ತಾರೆ. ಪೆಟ್ಟಿಗೆಯ ಮೇಲೊಂದು ಮಿಂಚಿನ ಚಿತ್ರ. ಪಕ್ಕದಲ್ಲಿ ವಿದ್ಯುತ್ ಬೇಡ, ಬ್ಯಾಟರಿ ಬೇಡ, ರಾಸಾಯನಿಕ ಬೇಡ, ಇಟ್ಟು ಮರೆತುಬಿಡಿ ಎಂಬ ಘೋಷಣೆ. ಮೊದಲ ಮೂರು ನಿಜ. ನಾಲ್ಕನೆಯದನ್ನು ನಂಬಬೇಡಿ.

ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುವವಳು. ‘ಮಿಂಚಿನ ವೇಗ’ ಎಂಬ ಮಾತು ಕಣ್ಣಿಗೆ ಬಿದ್ದರೆ ಥರ್ಮಾಮೀಟರ್ ಹುಡುಕುವ ಚಾಳಿ ನನ್ನದು. ಈ ತಟ್ಟೆ ಬಂದಾಗಿನಿಂದ ಅಡುಗೆಮನೆಯ ಮೂಲೆಯಲ್ಲಿ ಮೊನಚು ತುದಿಯ ಡಿಜಿಟಲ್ ಥರ್ಮಾಮೀಟರ್, ಒಂದು ತಕ್ಕಡಿ ಮತ್ತು ನನ್ನ ಗೀಚು ಬರಹದ ಹಾಳೆ ಖಾಯಂ ಆಗಿವೆ. ಮಗ ಅದನ್ನು ‘ಅಮ್ಮನ ಪ್ರಯೋಗಾಲಯ’ ಎಂದು ಕರೆಯುತ್ತಾನೆ. ಕರೆಯಲಿ.

ತಟ್ಟೆ ತರಿಸಿದ ಕಾರಣ ಮನೆಯೊಳಗಿನ ಜಗಳ. ನನ್ನ ಗಂಡ ಬೆಳಿಗ್ಗೆ ಹೊರಡುವ ಮುನ್ನ ಫ್ರೀಜರ್‌ನಿಂದ ಮಾಂಸದ ಪೊಟ್ಟಣ ತೆಗೆದು ಅಡುಗೆ ಕಟ್ಟೆಯ ಮೇಲಿಟ್ಟು ಹೋಗುವ ಪಂಗಡದವರು. ಸಂಜೆಯ ಹೊತ್ತಿಗೆ ಮೆತ್ತಗಾಗಿರುತ್ತದೆ, ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ ಎಂಬುದು ಅವರ ವಾದ. ವಾದ ಬೇಡ, ಅಳೆಯೋಣ ಎಂದು ಒಂದು ರಜಾದಿನ ಒಂದು ಕಿಲೋ ಕೋಳಿ ತೊಡೆಗಳ ಮುದ್ದೆಯನ್ನು ಕಟ್ಟೆಯ ಮೇಲಿಟ್ಟು ಥರ್ಮಾಮೀಟರ್ ಚುಚ್ಚುತ್ತ ಕುಳಿತೆ. ಮಧ್ಯಾಹ್ನದ ಹೊತ್ತಿಗೆ ಮುದ್ದೆಯ ಹೊರಮೈ 14 ಡಿಗ್ರಿ ಸೆಲ್ಸಿಯಸ್ ತಲುಪಿತ್ತು, ನಡುಭಾಗ ಇನ್ನೂ ಸೊನ್ನೆಗಿಂತ ಒಂದು ಡಿಗ್ರಿ ಕೆಳಗೇ ಇತ್ತು. ಕಟ್ಟೆಯ ಮೇಲೆ ಕರಗಿಸುವುದರ ತೊಂದರೆಯೆಲ್ಲ ಈ ಎರಡು ಅಂಕಿಗಳಲ್ಲೇ ಇದೆ. ನಡುಭಾಗ ಕರಗುವುದನ್ನು ಕಾಯುತ್ತ ಕುಳಿತಷ್ಟೂ ಹೊತ್ತು ಹೊರಮೈ ಬ್ಯಾಕ್ಟೀರಿಯಾಗಳ ಪಾಲಾಗಿರುತ್ತದೆ.

ಫ್ರೀಜರ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೇ. 5 ಡಿಗ್ರಿ ದಾಟಿದೊಡನೆ ಅವು ಮತ್ತೆ ಚುರುಕಾಗುತ್ತವೆ. 5ರಿಂದ 60 ಡಿಗ್ರಿಯ ನಡುವಿನದು ಅಪಾಯದ ವಲಯ, ಅನುಕೂಲ ಒದಗಿದರೆ ಅಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಜಾತಿಗಳಿವೆ. ಹೆಪ್ಪುಗಟ್ಟಿದ ಆಹಾರವನ್ನು ಕೋಣೆಯ ತಾಪದಲ್ಲಿ ಕರಗಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ ‘ಸುರಕ್ಷಿತ ಆಹಾರಕ್ಕೆ ಐದು ಸೂತ್ರಗಳು’ ಭಿತ್ತಿಪತ್ರದಲ್ಲೇ ಬರೆದಿದೆ. ಹೇಗೂ ಬೇಯಿಸುತ್ತೇವಲ್ಲ ಎನ್ನುವವರಿಗೂ ಒಂದು ಮಾತು: ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ನಿಜ, ಆದರೆ ಸ್ಟ್ಯಾಫಿಲೊಕಾಕಸ್‌ನಂಥವು ಬೆಳೆಯುವಾಗ ಬಿಟ್ಟ ವಿಷ ಕುದಿಸಿದರೂ ನಾಶವಾಗುವುದಿಲ್ಲ.

ಇನ್ನು ತಟ್ಟೆಯ ವಿಷಯ. ಮಾಂಸ ಕರಗಬೇಕಾದರೆ ಅದರೊಳಕ್ಕೆ ಶಾಖ ಹೋಗಬೇಕು. ಎಷ್ಟು ಶಾಖ ಎಂಬುದನ್ನು ಲೆಕ್ಕ ಹಾಕಬಹುದು. ಕೊಬ್ಬಿಲ್ಲದ ಕೋಳಿ ಮಾಂಸದ ಮುಕ್ಕಾಲು ಪಾಲು ನೀರು. ಒಂದು ಕಿಲೋ ಮಂಜುಗಡ್ಡೆ ತಾಪವೇನೂ ಏರದೆ ಬರೀ ಕರಗುವುದಕ್ಕೇ 334 ಕಿಲೋಜೂಲ್ ನುಂಗುತ್ತದೆ. ಇದನ್ನೇ ಗುಪ್ತೋಷ್ಣ ಎಂದು ನಾನು ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಬರೆಯುತ್ತೇನೆ. ಹೀಗೆ ನೋಡಿದರೆ ಮೈನಸ್ 18 ಡಿಗ್ರಿಯಲ್ಲಿರುವ ಅರ್ಧ ಕಿಲೋ ಕೋಳಿ ಕರಗಲು ಸುಮಾರು 130 ಕಿಲೋಜೂಲ್ ಬೇಕು. 650 ಗ್ರಾಂ ಅಲ್ಯೂಮಿನಿಯಂ 25 ಡಿಗ್ರಿಯಿಂದ 5 ಡಿಗ್ರಿಗೆ ತಣಿಯುವಾಗ ಬಿಟ್ಟುಕೊಡುವುದು ಹನ್ನೆರಡು ಕಿಲೋಜೂಲಿಗಿಂತ ತುಸು ಕಡಿಮೆ. ಅಂದರೆ ತಟ್ಟೆಯ ಸ್ವಂತ ಗಳಿಕೆ ಹತ್ತನೆಯ ಒಂದು ಪಾಲಿಗೂ ಸಾಲದು. ಮಿಕ್ಕದ್ದನ್ನೆಲ್ಲ ಅದು ಸುತ್ತಲಿನ ಗಾಳಿಯಿಂದ ಸಾಲ ಎತ್ತಿ ತಂದುಕೊಡಬೇಕು.

ತಂದುಕೊಡುವ ಕೆಲಸದಲ್ಲಿ ಅಲ್ಯೂಮಿನಿಯಂ ನಿಸ್ಸೀಮ ಎಂಬುದನ್ನು ಒಪ್ಪಲೇಬೇಕು. ಸ್ಟೇನ್‌ಲೆಸ್ ಉಕ್ಕಿಗಿಂತ ಅದರ ಉಷ್ಣವಾಹಕತೆ ಹತ್ತು ಪಟ್ಟಿಗೂ ಹೆಚ್ಚು, ಮರದ ಹಲಗೆಗೆ ಹೋಲಿಸಿದರೆ ಸಾವಿರ ಪಟ್ಟಿನ ಆಸುಪಾಸು. ಮಾಂಸ ಮುಟ್ಟಿರುವ ಜಾಗ ತಣ್ಣಗಾದ ಕೂಡಲೇ ತಟ್ಟೆಯ ಖಾಲಿ ಜಾಗದಿಂದ ಶಾಖ ಅಲ್ಲಿಗೆ ಹರಿಯುತ್ತದೆ. ಹೋಳು ಇಟ್ಟು ಒಂದೆರಡು ನಿಮಿಷ ಕಳೆದ ಮೇಲೆ ತಟ್ಟೆಯ ದೂರದ ಮೂಲೆಗೆ ಬೆರಳು ತಾಗಿಸಿ ನೋಡಿ: ಮಾಂಸವಿಲ್ಲದ ಆ ಮೂಲೆಯೂ ಬೆರಳನ್ನು ಜುಮ್ಮೆನಿಸುವಷ್ಟು ತಣ್ಣಗಾಗಿರುತ್ತದೆ. ನನ್ನ ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉಪಕರಣವಿಲ್ಲ ಅನ್ನಿಸಿತು.

ಆದ್ದರಿಂದಲೇ ತಟ್ಟೆಯನ್ನು ತುಂಬಿಸಬಾರದು. ಅರ್ಧ ಜಾಗ ಖಾಲಿ ಬಿಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ; ಅಂಚಿನಿಂದ ಅಂಚಿಗೆ ಹೋಳುಗಳನ್ನು ಜೋಡಿಸಿದರೆ ಶಾಖ ತರುವ ಮೈಯೇ ಉಳಿಯುವುದಿಲ್ಲ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಮಾತ್ರ ತಟ್ಟೆ ಮಾಂಸದಿಂದ ತುಂಬಿ ತುಳುಕುತ್ತಿದೆ.

ಒಂದು ಸೆಂಟಿಮೀಟರ್ ದಪ್ಪದ ಮೀನಿನ ಹೋಳುಗಳು ಅರ್ಧ ಗಂಟೆಯೊಳಗೆ ಬಾಗುವಷ್ಟು ಮೆತ್ತಗಾದವು, ನಡುವೆ ಒಮ್ಮೆ ತಿರುವಿ ಹಾಕಿದ್ದೆ, ಅಷ್ಟೇ. ಇಲ್ಲಿ ನನಗೆ ಯಾವ ತಕರಾರೂ ಇಲ್ಲ. ಚಪ್ಪಟೆಯಾಗಿ ಹೆಪ್ಪುಗಟ್ಟಿಸಿದ ಕೈಮಾ ಕೂಡ ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ ಸಿದ್ಧವಾಯಿತು. ಕೋಳಿಯ ಎದೆಭಾಗ, ಎರಡು ಸೆಂಟಿಮೀಟರ್‌ಗಿಂತ ತುಸು ದಪ್ಪ, ಎರಡು ತುಂಡು: ಒಂದೂಕಾಲು ಗಂಟೆ. ಅದೇ ಅಳತೆಯ ತುಂಡುಗಳು ಮರದ ಹಲಗೆಯ ಮೇಲೆ ಎರಡು ಗಂಟೆ ಕಳೆದರೂ ನಡುವೆ ಗಟ್ಟಿಯಾಗಿಯೇ ಇದ್ದವು. ಅಂದರೆ ಮರಕ್ಕಿಂತ ತಟ್ಟೆ ಮೇಲು, ಎರಡು ಮಾತಿಲ್ಲ. ಆದರೆ ಒಂದೂಕಾಲು ಗಂಟೆಗೆ ಮಿಂಚು ಎಂದು ಹೆಸರಿಡುವುದು ಧೈರ್ಯದ ಕೆಲಸ. ಆ ಹೊತ್ತಿಗೆ ತುಂಡಿನ ಮೇಲ್ಭಾಗ 9 ಡಿಗ್ರಿ ತೋರಿಸುತ್ತಿತ್ತು. ಗಡಿ ದಾಟಿತ್ತು, ಆದರೆ ದಾಟಿ ಹೆಚ್ಚು ಹೊತ್ತಾಗಿರಲಿಲ್ಲ. ತಕ್ಷಣ ಒಲೆಗೆ ಹೋಗುವುದಾದರೆ ನಾನು ಒಪ್ಪುತ್ತೇನೆ. ಬೇಗ ಹಾಳಾಗುವ ಆಹಾರ ಫ್ರಿಜ್‌ನ ಹೊರಗೆ ಎರಡು ಗಂಟೆ ಮೀರಿ ಇರಬಾರದು, ಹೊರಗಿನ ತಾಪ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಎಂಬುದು ಅಮೆರಿಕದ ಕೃಷಿ ಇಲಾಖೆಯ ಸಲಹೆ. ಸೆಕೆಯ ದಿನ ಈ ತಟ್ಟೆಗೆ ಸಿಗುವ ವೇಳೆ ಅಷ್ಟೇ.

ತೊಡೆಗಳ ಮುದ್ದೆಯನ್ನು ತಟ್ಟೆಯ ಮೇಲಿಟ್ಟಾಗ ಫಲಿತಾಂಶ ನಿರೀಕ್ಷಿಸಿದಂತೆಯೇ ಇತ್ತು: ತಟ್ಟೆ ಮುಟ್ಟಿದ ಕೆಳಪದರ ಬೇಗ ಮೆತ್ತಗಾಯಿತು, ನಡುಭಾಗ ಕಲ್ಲು. ಇದಕ್ಕೆ ತಟ್ಟೆಯನ್ನು ಬೈದು ಪ್ರಯೋಜನವಿಲ್ಲ. ಮಂಜುಗಡ್ಡೆಯ ಮೂಲಕ ಶಾಖ ಹರಿಯುವಷ್ಟು ಸುಲಭವಾಗಿ ನೀರಿನ ಮೂಲಕ ಹರಿಯುವುದಿಲ್ಲ, ವ್ಯತ್ಯಾಸ ಸುಮಾರು ನಾಲ್ಕು ಪಟ್ಟು. ಆದ್ದರಿಂದ ಮೊದಲು ಕರಗಿದ ಹೊರಪದರವೇ ಒಳಗಿನ ಮಂಜಿಗೆ ಕಂಬಳಿ ಹೊದಿಸಿದಂತಾಗುತ್ತದೆ. ಮಾಂಸ ಹೆಪ್ಪುಗಟ್ಟಲು ಹಿಡಿಯುವುದಕ್ಕಿಂತ ಹೆಚ್ಚು ಹೊತ್ತು ಕರಗಲು ಹಿಡಿಯುವುದು ಇದರಿಂದಲೇ. ದಪ್ಪ ಎರಡರಷ್ಟಾದರೆ ವೇಳೆ ಎರಡರಷ್ಟಲ್ಲ, ಒಳಗಿನ ದಾರಿಯೇ ಅಡ್ಡಿಯಾದಾಗ ನಾಲ್ಕರಷ್ಟರ ಹತ್ತಿರ ಹೋಗುತ್ತದೆ. ಅಡಿಯಲ್ಲಿ ಅಲ್ಯೂಮಿನಿಯಂ ಇರಲಿ, ಬೆಳ್ಳಿಯೇ ಇರಲಿ, ಒಳಗಿನ ಆ ದಾರಿ ಬದಲಾಗುವುದಿಲ್ಲ. ಇಡೀ ಕೋಳಿಯನ್ನು ಇದರ ಮೇಲಿಡುವ ಯೋಚನೆಯನ್ನೇ ಬಿಡಿ. ದುಂಡನೆಯ ಕೋಳಿ ತಟ್ಟೆಯನ್ನು ಮುಟ್ಟುವುದೇ ಅಂಗೈ ಅಗಲದಷ್ಟು ಜಾಗದಲ್ಲಿ.

ಇಷ್ಟಾದ ಮೇಲೆ ಹೋಲಿಕೆಗೆಂದು ಒಂದು ಪಾತ್ರೆಯಲ್ಲಿ ನಾಲ್ಕು ಲೀಟರ್ ತಣ್ಣೀರು ತೆಗೆದುಕೊಂಡೆ. ಅದೇ ಅಳತೆಯ ಎರಡು ಎದೆಭಾಗದ ತುಂಡುಗಳನ್ನು ಸೋರದ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಮೇಲೆ ತೇಲದಂತೆ ಒಂದು ತಟ್ಟೆಯ ಭಾರ ಹೇರಿ ಮುಳುಗಿಸಿದೆ. ಅರ್ಧ ಗಂಟೆಯಾದಾಗ ನೀರು ಬದಲಾಯಿಸಿದೆ, ಮತ್ತೆ ಹತ್ತು ನಿಮಿಷಕ್ಕೆ ಮಾಂಸ ಸಿದ್ಧ. ನಮ್ಮ ಮಿಂಚಿನ ತಟ್ಟೆ ಹೀಗೆ ಒಂದು ಪಾತ್ರೆ ನೀರಿನೆದುರು ಸೋತಿತು. ಕಾರಣ ಲೆಕ್ಕದಲ್ಲೇ ಇದೆ: ನಾಲ್ಕು ಲೀಟರ್ ನೀರು 20 ಡಿಗ್ರಿಯಿಂದ 5 ಡಿಗ್ರಿಗೆ ಇಳಿಯುವಾಗ 250 ಕಿಲೋಜೂಲ್ ಬಿಟ್ಟುಕೊಡುತ್ತದೆ, ಅಂದರೆ ಅರ್ಧ ಕಿಲೋ ಮಾಂಸಕ್ಕೆ ಬೇಕಾದದ್ದರ ಹತ್ತಿರಹತ್ತಿರ ಇಮ್ಮಡಿ. ಮೇಲಾಗಿ ನೀರು ತುಂಡಿನ ಎಲ್ಲ ಬದಿಗಳನ್ನೂ ಮುಟ್ಟುತ್ತದೆ, ತಟ್ಟೆ ಒಂದೇ ಬದಿಯನ್ನು. ಹಾಗೆಂದು ಬಿಸಿನೀರಿನ ಆಸೆಗೆ ಬೀಳಬೇಡಿ. ಹೊರಮೈ ನೇರವಾಗಿ ಅಪಾಯದ ವಲಯಕ್ಕೆ ಜಿಗಿಯುತ್ತದೆ, ಅಂಚುಗಳು ಬೆಂದಂತೆ ಬೆಳ್ಳಗಾಗುತ್ತವೆ. ಚೀಲ ಸೋರಿದರೆ ನೀರು ಮಾಂಸದೊಳಕ್ಕೂ, ಮಾಂಸದ ಬ್ಯಾಕ್ಟೀರಿಯಾ ನೀರಿನ ತೊಟ್ಟಿಗೂ ಹೋಗುತ್ತವೆ. ಹೀಗೆ ಕರಗಿಸಿದ್ದನ್ನು ಕೂಡಲೇ ಬೇಯಿಸಬೇಕು, ಮತ್ತೆ ಫ್ರೀಜರ್‌ಗೆ ಹಾಕಬೇಕಿದ್ದರೆ ಬೇಯಿಸಿದ ಮೇಲೆಯೇ.

ಹಾಗಾದರೆ ತಟ್ಟೆಗೆ ಕೆಲಸವೇ ಇಲ್ಲವೇ? ಇದೆ. ನೀರಿನ ಬಳಿ ಕಾವಲು ಇರಬೇಕು, ಚೀಲ ಬೇಕು, ಭಾರ ಬೇಕು. ಎರಡು ಮೀನಿನ ಹೋಳಿಗಾಗಿ ಅಷ್ಟೆಲ್ಲ ಸಂಭ್ರಮ ಯಾರಿಗೆ ಬೇಕು? ಆಗ ತಟ್ಟೆ ಕೈಹಿಡಿಯುತ್ತದೆ.

ಮೈಕ್ರೋವೇವ್ ಬಗ್ಗೆ ಉದ್ದಕ್ಕೆ ಹೇಳುವ ಮನಸ್ಸಿಲ್ಲ. ಅದರ ಅಲೆಗಳನ್ನು ಮಂಜುಗಡ್ಡೆಗಿಂತ ದ್ರವ ನೀರು ಬಹಳ ಹೆಚ್ಚು ಹೀರಿಕೊಳ್ಳುತ್ತದೆ. ಮೊದಲು ಕರಗಿದ ಅಂಚು ಬೇಯಲು ಶುರುವಾಗುತ್ತದೆ, ನಡುಭಾಗ ಹಾಗೇ ಉಳಿಯುತ್ತದೆ. ಡಿಫ್ರಾಸ್ಟ್ ಗುಂಡಿ ಒತ್ತಿದಾಗ ಅದು ಗುಂಯ್ ಎಂದು ಶುರುವಾಗಿ ಮತ್ತೆ ಸುಮ್ಮನಾಗುವುದು ಶಾಖ ಒಳಗೆ ಹರಡಲು ಬಿಡುವು ಕೊಡುವುದಕ್ಕೆ. ಅವಸರಕ್ಕೆ ಆಗುತ್ತದೆ, ಕರಗಿಸಿದ ಮಾಂಸ ನೇರವಾಗಿ ಒಲೆಗೆ ಹೋಗಬೇಕು ಎಂಬ ಷರತ್ತಿನ ಮೇಲೆ.

ಫ್ರಿಜ್ ಮಾತ್ರ ಎಲ್ಲರಿಗಿಂತ ನಿಧಾನಿ, ಎಲ್ಲರಿಗಿಂತ ನಂಬಿಗಸ್ಥ. ಸುಮಾರು ಎರಡು ಕಿಲೋ ಮಾಂಸಕ್ಕೆ 24 ಗಂಟೆ ಎಂಬುದು ಸಾಮಾನ್ಯ ಲೆಕ್ಕ. ಇಡೀ ಕೋಳಿಯಾದರೆ ಹೊಟ್ಟೆಯ ಪೊಳ್ಳಿನಲ್ಲಿ ಅದಕ್ಕೂ ಹೆಚ್ಚು ಹೊತ್ತು ಮಂಜು ಅಂಟಿಕೊಂಡಿರುವುದನ್ನು ನಾನು ಕಂಡಿದ್ದೇನೆ, ಹಾಗಾಗಿ ಎರಡು ದಿನ ಮೊದಲೇ ಇಳಿಸುತ್ತೇನೆ. ಅಂಚು ಎತ್ತರವಿರುವ ಪಾತ್ರೆಯಲ್ಲಿಟ್ಟು ಎಲ್ಲಕ್ಕಿಂತ ಕೆಳಗಿನ ಅರೆಯಲ್ಲಿಡಬೇಕು, ಕೆಂಪು ನೀರು ಬೇರೆ ಆಹಾರದ ಮೇಲೆ ತೊಟ್ಟಿಕ್ಕದಂತೆ. (ಆ ಕೆಂಪು ನೀರು ರಕ್ತವಲ್ಲ, ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ಬೆರೆತ ನೀರು. ಇದನ್ನು ಮಗನಿಗೆ ಹೇಳಿದ ಮೇಲೆ ಅವನು ಮತ್ತೆ ಕೆಂಪು ಮಾಂಸ ತಿನ್ನಲು ಶುರುಮಾಡಿದ.) ಫ್ರಿಜ್‌ನಲ್ಲಿ ಕರಗಿದ ಕೋಳಿ, ಕೈಮಾ, ಮೀನು ಇನ್ನೂ ಒಂದೆರಡು ದಿನ ಅಲ್ಲೇ ಇರಬಹುದು. ಅಡುಗೆಯ ಯೋಜನೆ ಬದಲಾದರೆ ಬೇಯಿಸದೆಯೇ ಮತ್ತೆ ಫ್ರೀಜರ್‌ಗೆ ಸೇರಿಸಬಹುದು, ರಸ ಒಂದಿಷ್ಟು ಸೋರಿಹೋಗುತ್ತದೆ ಅಷ್ಟೇ. ಈ ಸ್ವಾತಂತ್ರ್ಯವನ್ನು ತಟ್ಟೆಯಾಗಲಿ ನೀರಾಗಲಿ ಮೈಕ್ರೋವೇವ್ ಆಗಲಿ ಕೊಡುವುದಿಲ್ಲ. ತಟ್ಟೆಯನ್ನೇ ಫ್ರಿಜ್‌ನೊಳಗಿಟ್ಟು ಅದರ ಮೇಲೆ ಮಾಂಸವಿಟ್ಟೂ ನೋಡಿದೆ. ಸುತ್ತಲಿನ ಗಾಳಿಯೇ 4 ಡಿಗ್ರಿಯಲ್ಲಿರುವಾಗ ತಟ್ಟೆ ಸಾಲ ಎತ್ತುವುದಾದರೂ ಎಲ್ಲಿಂದ? ಹೇಳಿಕೊಳ್ಳುವಂಥ ಲಾಭವಿಲ್ಲ.

ಈ ತಟ್ಟೆಯ ನಿಜವಾದ ಬೆಲೆ ನನಗೆ ಗೊತ್ತಾದದ್ದು ಅದನ್ನು ತಲೆಕೆಳಗಾದ ಕೆಲಸಕ್ಕೆ ಹಚ್ಚಿದಾಗ. ಕೈಮಾವನ್ನು ಚೀಲಕ್ಕೆ ತುಂಬಿ, ಲಟ್ಟಣಿಗೆಯಿಂದ ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಮೊದಲೇ ಫ್ರೀಜರ್‌ನಲ್ಲಿ ತಣಿಸಿಟ್ಟ ಈ ತಟ್ಟೆಯ ಮೇಲೆ ಮಲಗಿಸುತ್ತೇನೆ. ಶಾಖವನ್ನು ಮಾಂಸಕ್ಕೆ ತರುವಷ್ಟೇ ಚುರುಕಾಗಿ ಅಲ್ಯೂಮಿನಿಯಂ ಅದನ್ನು ಮಾಂಸದಿಂದ ಹೊರಕ್ಕೂ ಎಳೆಯುತ್ತದೆ. ಬೇಗ ಹೆಪ್ಪುಗಟ್ಟಿದಷ್ಟೂ ಮಂಜಿನ ಹರಳುಗಳು ಸಣ್ಣವಾಗಿರುತ್ತವೆ, ಜೀವಕೋಶಗಳಿಗೆ ಗಾಯ ಕಡಿಮೆ, ಕರಗುವಾಗ ಸೋರುವ ರಸವೂ ಕಡಿಮೆ. ಹೆಪ್ಪುಗಟ್ಟಿದ ಮೇಲೆ ಚೀಲಗಳನ್ನು ಪುಸ್ತಕಗಳ ಹಾಗೆ ನಿಲ್ಲಿಸಿಬಿಡಬಹುದು. ಕೋಳಿಯ ತುಂಡುಗಳನ್ನೂ ಒಂದಕ್ಕೊಂದು ತಾಗದಂತೆ ತಟ್ಟೆಯ ಮೇಲೆ ಬಿಡಿಬಿಡಿಯಾಗಿ ಗಟ್ಟಿ ಮಾಡಿ ಆಮೇಲೆ ಚೀಲಕ್ಕೆ ಹಾಕುತ್ತೇನೆ. ಗಂಡನ ಕಟ್ಟೆ ಜಗಳ ತಣ್ಣಗಾದದ್ದೂ ಹೀಗೆಯೇ: ಸಂಜೆ ಬಂದು ಚಪ್ಪಟೆ ಚೀಲವೊಂದನ್ನು ನೀರಿಗೆ ಬಿಟ್ಟರೆ ಈರುಳ್ಳಿ ಹೆಚ್ಚಿ ಮುಗಿಯುವಷ್ಟರಲ್ಲಿ ಮಾಂಸ ಮೆತ್ತಗಾಗಿರುತ್ತದೆ. ಬೆಳಿಗ್ಗೆಯೇ ಹೊರಗಿಡುವ ಅಗತ್ಯವೇ ಉಳಿದಿಲ್ಲ.

ಈಗ ದೂರುಗಳು. ಅಂಚಿನ ಕಾಲುವೆ ಹೆಸರಿಗೆ ಮಾತ್ರ ಇದೆ; ಎರಡು ತುಂಡು ಕೋಳಿಯ ರಸಕ್ಕೇ ಅದು ತುಂಬಿತು, ಎತ್ತಿ ತೊಟ್ಟಿಗೆ ಒಯ್ಯುವಾಗ ಒಂದು ಮೂಲೆಯಿಂದ ಕಟ್ಟೆಯ ಮೇಲೆ ಹರಿಯಿತು. ಹಸಿ ಮಾಂಸದ ರಸ ಹರಿದ ಜಾಗವನ್ನೆಲ್ಲ ಸೋಪು ಹಾಕಿ ತೊಳೆದು, ಒರೆಸಿದ ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕಾಯಿತು. ಈಗ ಮಾಂಸವನ್ನು ತೆಳ್ಳನೆಯ ಚೀಲದಲ್ಲೇ ಬಿಟ್ಟು ತಟ್ಟೆಯ ಮೇಲಿಡುತ್ತೇನೆ, ಅಡಿಯಲ್ಲಿ ಗಾಳಿಗುಳ್ಳೆ ಇರದಂತೆ ಅಂಗೈಯಿಂದ ಒತ್ತಿ. ಐದಾರು ನಿಮಿಷ ಹೆಚ್ಚು ಹಿಡಿದರೂ ಗಲೀಜಿಲ್ಲ. ಗಾಳಿ ತೆಗೆದು ಬಿಗಿಯಾಗಿ ಮೊಹರು ಮಾಡಿದ ಮೀನಿನ ಪೊಟ್ಟಣ ಮಾತ್ರ ಇದಕ್ಕೆ ಹೊರತು. ಎಲ್ಲಿ ಕರಗಿಸುವುದಿದ್ದರೂ ಅದನ್ನು ಮೊದಲು ಬಿಚ್ಚಬೇಕು, ಏಕೆಂದರೆ ಆಮ್ಲಜನಕವಿಲ್ಲದ ಜಾಗದಲ್ಲಿ ಬೊಟುಲಿಸಂ ಎಂಬ ಮಾರಕ ವಿಷಬಾಧೆ ತರುವ ಬ್ಯಾಕ್ಟೀರಿಯಾದ ಒಂದು ಬಗೆ 3 ಡಿಗ್ರಿಯ ತಂಪಿನಲ್ಲೂ ಬೆಳೆಯಬಲ್ಲದು.

ರಬ್ಬರ್ ಪಾದಗಳಲ್ಲಿ ಒಂದು ಆಗಲೇ ಉದುರಿದೆ. ಪಾದ ಮುಖ್ಯ, ಕೆಳಗೆ ಗಾಳಿ ಆಡಲೆಂದೇ ಅವು ಇರುವುದು. ಸದ್ಯಕ್ಕೆ ಒಂದು ಬಾಟಲಿ ಮುಚ್ಚಳ ಆ ಕೆಲಸ ಮಾಡುತ್ತಿದೆ. ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಬಹುದು ಎಂದು ಪೆಟ್ಟಿಗೆಯಲ್ಲಿದೆ, ಹಾಕಬೇಡಿ: ಆ ಯಂತ್ರಗಳ ಮಾರ್ಜಕ ಕ್ಷಾರೀಯ, ಲೇಪನ ಕಿತ್ತ ಕಡೆಗಳಲ್ಲಿ ಅಲ್ಯೂಮಿನಿಯಂ ಬೂದು ಬಣ್ಣಕ್ಕೆ ತಿರುಗುತ್ತದೆ.

ಎಲ್ಲಕ್ಕಿಂತ ಸಿಟ್ಟು ತರಿಸಿದ್ದು ಒಳಗಿದ್ದ ಕೈಪಿಡಿ ಹಾಳೆ. ‘ಈ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಬೆಳೆಯಲು ಅವಕಾಶವೇ ಇಲ್ಲ’ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಬ್ಯಾಕ್ಟೀರಿಯಾ ಬೆಳೆಯುವುದು ಮಾಂಸದ ಮೇಲೆ, ತಾಪ ಮತ್ತು ವೇಳೆಯನ್ನು ನೋಡಿಕೊಂಡು. ಅಡಿಯಲ್ಲಿರುವ ಲೋಹ ಯಾವುದೆಂದು ಅವು ವಿಚಾರಿಸುವುದಿಲ್ಲ. ಎರಡು ಗಂಟೆಯ ಮಿತಿಯ ಬಗ್ಗೆ ಹಾಳೆಯಲ್ಲಿ ಒಂದಕ್ಷರವಿಲ್ಲ. ಎಷ್ಟು ದಪ್ಪದ ಮಾಂಸದವರೆಗೆ ಸರಿ ಎಂಬುದೂ ಇಲ್ಲ. ಯಾವ ಪರೀಕ್ಷೆಯ ಮೇಲೆ ಈ ಮಾತು ನಿಂತಿದೆ ಎಂದು ಕೇಳಿ ಮಾರಾಟಗಾರರಿಗೆ ಬರೆದಿದ್ದೆ. ಮರುದಿನವೇ ಉತ್ತರ ಬಂತು, ನನ್ನ ಆಸಕ್ತಿಗೆ ಧನ್ಯವಾದ ಹೇಳಿ, ಎರಡನೆಯ ತಟ್ಟೆಯ ಖರೀದಿಗೆ ರಿಯಾಯಿತಿ ಕೂಪನ್ ಕೊಟ್ಟು.

ಐದಕ್ಕೆ ಮೂರು ನಕ್ಷತ್ರ ಕೊಡುತ್ತೇನೆ. ಒಂದನ್ನು ಕಾಲುವೆಗಾಗಿ ಕಳೆದೆ, ಇನ್ನೊಂದನ್ನು ಆ ಹಾಳೆಗಾಗಿ. ಒಬ್ಬಿಬ್ಬರ ಮನೆ, ತೆಳ್ಳನೆಯ ಹೋಳುಗಳೇ ಹೆಚ್ಚು ಎನ್ನುವವರು ಕೊಳ್ಳಬಹುದು. ದಪ್ಪ ತುಂಡು, ಮೂಳೆಯ ಮುದ್ದೆ, ಇಡೀ ಕೋಳಿ ಬೇಯಿಸುವ ಮನೆಯವರು ಆ ಹಣಕ್ಕೆ ಒಳ್ಳೆಯ ಥರ್ಮಾಮೀಟರ್ ಕೊಂಡರೆ ಹೆಚ್ಚು ಉಪಯೋಗ. ಬೆಂದ ಕೋಳಿಯ ನಡುಭಾಗ 74 ಡಿಗ್ರಿ ಮುಟ್ಟಿತೇ ಎಂಬುದನ್ನೂ ಅದು ಹೇಳುತ್ತದೆ. ತಟ್ಟೆಯನ್ನೇ ಕೊಳ್ಳುವುದಾದರೆ ಕೈಯಲ್ಲಿ ಹಿಡಿದು ತೂಕ ನೋಡಿ. ಎರಡು ಮಿಲಿಮೀಟರ್ ದಪ್ಪದ ಹಗುರ ತಗಡುಗಳೂ ಇದೇ ಹೆಸರಿನಲ್ಲಿ ಮಾರಾಟವಾಗುತ್ತಿವೆ, ಅಂಥವು ಬೇಡ. ಕಾಲುವೆ ಬೆರಳಿನ ತುದಿ ಮುಳುಗುವಷ್ಟಾದರೂ ಆಳವಿರಲಿ, ಮತ್ತು ನಿಮ್ಮ ಫ್ರೀಜರ್‌ನ ಅರೆಯ ಅಳತೆ ತೆಗೆದುಕೊಂಡೇ ಗಾತ್ರ ಆರಿಸಿ, ಏಕೆಂದರೆ ಕಟ್ಟೆಗಿಂತ ಹೆಚ್ಚು ದಿನ ಅದು ಅಲ್ಲಿಯೇ ಇರಲಿದೆ.